ಸಿಎಸ್ ಸೀಟಿಗೆ ದುಡ್ಡು ಕಟ್ಟುವ ಮುಂಚೆ ಒಂದು ನೋಟ್‌ಬುಕ್ ತೆಗೆಯಿರಿ

ಜೂನ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವರಿಗೆಲ್ಲ ಇದು ಗೊತ್ತಿರುವ ಪಾಡೇ. ನೆಂಟರು, ನೆಂಟರ ನೆಂಟರು, ಊರಿನ ಮೇಷ್ಟ್ರು, ಎಲ್ಲರದೂ ಒಂದೇ ಪ್ರಶ್ನೆ: ಕಂಪ್ಯೂಟರ್ ಸೈನ್ಸ್ ಕೊಡಿಸಬಹುದಾ?

ಈ ಸಲ ಮೊದಲ ಫೋನ್ ತಿಪಟೂರಿನಿಂದ, ಅಕ್ಕನದು. "ನಿಮ್ಮ ಭಾವಂಗೆ ಯಾರೋ ಏಜೆಂಟ್ ಸಿಕ್ಕಿದಾನಂತೆ ಕಣೋ. ಮ್ಯಾನೇಜ್‌ಮೆಂಟ್ ಸೀಟು, ಸಿಎಸ್ಸೇ, ವರ್ಷಕ್ಕೆ ಆರು ಲಕ್ಷ. ಸೈಟು ಮಾರಿಬಿಡೋಣ ಅಂತ ಕೂತಿದಾರೆ. ನೀನೇನಂತೀಯಾ?"

ನಾನು ಏನೂ ಅನ್ನಲಿಲ್ಲ. ಆ ಶನಿವಾರವೇ ಊರಿಗೆ ಹೋದೆ. ಅಡುಗೆಮನೆ ಪಕ್ಕದ ಮೇಜಿನ ಮೇಲೆ ಅಕ್ಕನ ಮಗನ ರಫ್ ನೋಟ್‌ಬುಕ್ ಹರಡಿಕೊಂಡು ಮೂರು ಜನ ಮಧ್ಯಾಹ್ನವೆಲ್ಲ ಲೆಕ್ಕ ಹಾಕಿದೆವು. ಆವತ್ತು ಹಾಕಿದ ಲೆಕ್ಕವನ್ನೇ ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಅಂಕಿಗಳು ನಮ್ಮ ಮನೆಯವು. ನಿಮ್ಮ ಮನೆಯ ಅಂಕಿ ಹಾಕಿಕೊಳ್ಳಿ, ಕ್ರಮ ಮಾತ್ರ ಇದೇ ಇರಲಿ.

ಹಂತ 1: ಬಿಇ ಮಾಡದಿದ್ದರೆ ಏನು ಮಾಡುತ್ತಾನೆ, ಅದನ್ನು ಮೊದಲು ಬರೆಯಿರಿ

ಹೆಚ್ಚಿನ ಮನೆಗಳಲ್ಲಿ ಈ ಸಾಲನ್ನೇ ಬರೆಯುವುದಿಲ್ಲ. ಬಿಇ ಮಾಡಿದರೆ ಎಷ್ಟು ಸಂಬಳ ಅಂತ ಕೇಳುತ್ತಾರೆ. ಮಾಡದಿದ್ದರೆ ಎಷ್ಟು ಅಂತ ಕೇಳುವುದಿಲ್ಲ. ಬಿಇ ಇಲ್ಲದಿದ್ದರೆ ಹುಡುಗ ಬೀದಿಗೆ ಬೀಳುತ್ತಾನೆ ಅನ್ನೋ ಹಾಗೆ! ಇನ್ನೊಂದು ದಾರಿಯಲ್ಲೂ ಅವನು ಏನಾದರೂ ದುಡಿಯುತ್ತಾನೆ. ಡಿಗ್ರಿಯ ನಿಜವಾದ ಗಳಿಕೆ ಅಂದರೆ ಆ ಎರಡು ಸಂಬಳಗಳ ನಡುವಿನ ವ್ಯತ್ಯಾಸ ಅಷ್ಟೇ.

ನಮ್ಮ ಹುಡುಗನಿಗೆ ಇನ್ನೊಂದು ದಾರಿ ಅಂದರೆ ತಿಪಟೂರಿನಲ್ಲೇ ಬಿಸಿಎ, ಅದೂ ಕಂಪ್ಯೂಟರ್‌ನದೇ ಡಿಗ್ರಿ. ಮನೆ ಊಟ, ಮನೆ ನಿದ್ದೆ, ಮೂರು ವರ್ಷ. ಶುಲ್ಕ, ಪುಸ್ತಕ, ಓಡಾಟ ಎಲ್ಲ ಸೇರಿ 1.5 ಲಕ್ಷ ಅಂತ ಬರೆದೆವು. ಮುಗಿಸಿ ಬೆಂಗಳೂರಿಗೆ ಬಂದರೆ ಶುರುವಿನಲ್ಲಿ ತಿಂಗಳಿಗೆ 16,000 ಕೈಗೆ, ಅಂದರೆ ವರ್ಷಕ್ಕೆ 1.9 ಲಕ್ಷ. ಬಿಇಗಿಂತ ಒಂದು ವರ್ಷ ಮುಂಚೆ ಕೆಲಸಕ್ಕೆ ಸೇರುತ್ತಾನೆ. ಆ ಒಂದು ವರ್ಷದ ಸಂಬಳ ಬಿಇ ಓದುವವನಿಗೆ ಖೋತಾ, ಹಾಗಾಗಿ ಅದೂ ಬಿಇಯ ಖರ್ಚೇ.

ಬಿಸಿಎ ಅಂದ ಕೂಡಲೇ ಭಾವ ಮುಖ ಸಿಂಡರಿಸಿದರು. ಬಿಸಿಎ, ಬಿಎಸ್ಸಿ ಮಾಡಿದವರನ್ನು ಕೆಲಸಕ್ಕೆ ತೆಗೆದುಕೊಂಡು, ಕೆಲಸದ ಜೊತೆಗೇ ಎಂಟೆಕ್ ಓದಿಸುವ ಯೋಜನೆ ವಿಪ್ರೋದಲ್ಲಿದೆ. ಪಿಯುಸಿ ಮುಗಿಸಿದವರನ್ನೇ ತರಬೇತಿ ಕೊಟ್ಟು ಸೇರಿಸಿಕೊಳ್ಳುವ ಟೆಕ್‌ಬೀ ಅನ್ನೋದು ಎಚ್‌ಸಿಎಲ್‌ನಲ್ಲಿದೆ. ಐಐಟಿ ಮದ್ರಾಸ್ 2020ರಲ್ಲಿ ಡೇಟಾ ಸೈನ್ಸ್‌ನ ಆನ್‌ಲೈನ್ ಡಿಗ್ರಿ ಶುರು ಮಾಡಿದೆ. ಅದಕ್ಕೆ ಜೆಇಇ ಬೇಕಿಲ್ಲ, ಅವರದೇ ಅರ್ಹತಾ ಪರೀಕ್ಷೆ ಪಾಸಾದರೆ ಸಾಕು. ಬಿಸಿಎ ಜೊತೆಗೆ ಅದನ್ನೂ ಎಳೆಯುವ ಹುಡುಗರಿದ್ದಾರೆ. ಸುಲಭವೇನಲ್ಲ. ಆದರೆ ದಾರಿ ಒಂದೇ ಅಂದುಕೊಂಡು ಸೈಟು ಮಾರಬಾರದು.

ಹಂತ 2: ಖರ್ಚನ್ನು ಪೂರ್ತಿ ಬರೆಯಿರಿ

ಒಂದೇ ಕಾಲೇಜು, ಒಂದೇ ಕ್ಲಾಸ್‌ರೂಮು. ಮೊದಲ ಬೆಂಚಿನಲ್ಲಿ ಕೂತವನು ಸರ್ಕಾರದ ಸಿಇಟಿ ಪರೀಕ್ಷೆಯಲ್ಲಿ ಬಂದವನು, ಎರಡನೆಯವನು ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆ ಕಾಮೆಡ್‌ಕೆಯಲ್ಲಿ, ಮೂರನೆಯವನು ಕಾಲೇಜೇ ನೇರವಾಗಿ ಕೊಡುವ ಮ್ಯಾನೇಜ್‌ಮೆಂಟ್ ಸೀಟಿನಲ್ಲಿ. ಪಾಠ ಒಂದೇ, ಪರೀಕ್ಷೆ ಒಂದೇ, ಡಿಗ್ರಿಯೂ ಒಂದೇ. ಕಟ್ಟಿದ ದುಡ್ಡು ಮಾತ್ರ ಬೇರೆ. ಇದನ್ನು ಅಕ್ಕನಿಗೆ ಹೇಳಿದಾಗ "ಬಸ್ಸಲ್ಲಿ ಒಬ್ಬೊಬ್ಬರಿಗೆ ಒಂದೊಂದು ಟಿಕೆಟ್ ರೇಟಾ?" ಅಂದಳು. ಹೌದು, ಹೆಚ್ಚುಕಡಿಮೆ ಹಾಗೇ.

ಖಾಸಗಿ ಕಾಲೇಜುಗಳಲ್ಲಿ 40ರಿಂದ 45% ಸೀಟು ಸಿಇಟಿಗೆ ಹೋಗುತ್ತವೆ. ಅವುಗಳ ಶುಲ್ಕ ಸರ್ಕಾರದ ಜೊತೆ ಆದ ಒಪ್ಪಂದದಂತೆ ನಿಗದಿಯಾಗಿರುತ್ತದೆ, ವರ್ಷಕ್ಕೆ ಲಕ್ಷದ ಆಸುಪಾಸು. ಕಾಮೆಡ್‌ಕೆಯಲ್ಲಿ ಅದರ ಎರಡು ಮೂರು ಪಟ್ಟು. ಮ್ಯಾನೇಜ್‌ಮೆಂಟ್ ಸೀಟಿಗೆ ಕಾಲೇಜು ಕೇಳಿದ್ದೇ ರೇಟು. ಸರ್ಕಾರಿ ಕಾಲೇಜುಗಳ ಶುಲ್ಕ ಖಾಸಗಿ ಸಿಇಟಿ ಸೀಟಿನ ಅರ್ಧಕ್ಕಿಂತಲೂ ಕಡಿಮೆ. ಬೆಂಗಳೂರಿನ ಯುವಿಸಿಇ, ದಾವಣಗೆರೆಯ ಯುಬಿಡಿಟಿ, ಹಾಸನ, ರಾಮನಗರ, ಹಾವೇರಿ, ಕೆ.ಆರ್. ಪೇಟೆ, ರಾಯಚೂರಿನ ಕಾಲೇಜುಗಳು ನೆನಪಿರಲಿ.

ಶುಲ್ಕ ಒಂದನ್ನೇ ಬರೆದರೆ ಲೆಕ್ಕ ತಪ್ಪುತ್ತದೆ. ಸ್ಕಿಲ್ ಲ್ಯಾಬ್, ಪ್ಲೇಸ್‌ಮೆಂಟ್ ಟ್ರೈನಿಂಗ್, ಕಾಲೇಜ್ ಬಸ್, ಪರೀಕ್ಷಾ ಶುಲ್ಕ ಅಂತ ಬೇರೆ ಬೇರೆ ಹೆಸರಲ್ಲಿ ರಸೀದಿಗಳು ಬರುತ್ತಲೇ ಇರುತ್ತವೆ. ಸೀನಿಯರ್ ಒಬ್ಬನನ್ನು ಹಿಡಿದು "ಹೋದ ವರ್ಷ ಒಟ್ಟು ಎಷ್ಟು ಕಟ್ಟಿದೆ? ರಸೀದಿ ತೋರಿಸು" ಅಂತ ಕೇಳಿ. ಕಾಲೇಜಿನ ಕೌಂಟರ್‌ನಲ್ಲಿ ಈ ಮೊತ್ತ ಯಾರೂ ಹೇಳುವುದಿಲ್ಲ.

ಹಾಸ್ಟೆಲ್ ಅಥವಾ ಪಿಜಿ ಖರ್ಚು ಬರೆಯುವಾಗ ಒಂದು ಮಾತು. ಹುಡುಗ ಮನೆಯಲ್ಲಿದ್ದರೂ ಊಟ ಮಾಡುತ್ತಾನೆ, ಅಲ್ವಾ? ಅದನ್ನು ಕಳೆಯಿರಿ. ಪಿಜಿಗೆ ವರ್ಷಕ್ಕೆ 1.2 ಲಕ್ಷ ಆದರೆ, ಮನೆಯಲ್ಲಿ ಉಳಿಯುವ 30,000 ತೆಗೆದು 90,000 ಬರೆದೆವು.

ನಾಲ್ಕು ವರ್ಷಕ್ಕೆ ನಮ್ಮ ನೋಟ್‌ಬುಕ್ಕಿನಲ್ಲಿ ಬಂದದ್ದು ಹೀಗಿದೆ. ಖಾಸಗಿ ಕಾಲೇಜಿನ ಸಿಇಟಿ ಸೀಟು: ಶುಲ್ಕ 4.4 ಲಕ್ಷ, ಇತರೆ ರಸೀದಿಗಳು 1.2, ಪಿಜಿ 3.6, ಲ್ಯಾಪ್‌ಟಾಪ್ ಮತ್ತು ಓಡಾಟ 1, ಒಟ್ಟು 10.2 ಲಕ್ಷ. ಕಾಮೆಡ್‌ಕೆ ಆದರೆ ಶುಲ್ಕವೇ 11.2, ಒಟ್ಟು 17. ಏಜೆಂಟ್ ಹೇಳಿದ ಸೀಟು 29.8 ಲಕ್ಷ. ಹಾಸನದ ಸರ್ಕಾರಿ ಕಾಲೇಜು, ಹಾಸ್ಟೆಲ್ ಸೇರಿ ಸುಮಾರು 5 ಲಕ್ಷ.

ಭಾವ 29.8ರ ಕೆಳಗೆ ಎರಡು ಸಲ ಗೆರೆ ಎಳೆದರು. ಬಾಯಿ ಬಿಡಲಿಲ್ಲ.

ಹಂತ 3: ಪ್ಲೇಸ್‌ಮೆಂಟ್ ಪೋಸ್ಟರ್ ಮಡಚಿಟ್ಟು, ಎನ್‌ಐಆರ್‌ಎಫ್ ಪಟ್ಟಿ ತೆರೆಯಿರಿ

ಏಜೆಂಟ್ ಕೊಟ್ಟ ಪಾಂಪ್ಲೆಟ್‌ನಲ್ಲಿ ಟೈ ಕಟ್ಟಿಕೊಂಡ ಹುಡುಗನ ಫೋಟೊ. ಅದರ ಕೆಳಗೆ ದಪ್ಪಕ್ಷರದಲ್ಲಿ 40 ಲಕ್ಷದ ಪ್ಯಾಕೇಜು, 90% ಪ್ಲೇಸ್‌ಮೆಂಟು. ಎರಡೂ ಸುಳ್ಳಲ್ಲದಿರಬಹುದು. ಆದರೆ ಎರಡರಿಂದಲೂ ನಮಗೇನೂ ಗೊತ್ತಾಗುವುದಿಲ್ಲ. 40 ಲಕ್ಷ ಸಿಕ್ಕಿದ್ದು ಒಬ್ಬನಿಗೆ. ಅದರಲ್ಲೂ ನಾಲ್ಕು ವರ್ಷಕ್ಕೆ ಹಂಚಿ ಕೊಡುವ ಶೇರು, ಜಾಯ್ನಿಂಗ್ ಬೋನಸ್ ಎಲ್ಲ ಸೇರಿಕೊಂಡಿರಬಹುದು.

ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ಭಾಗವಹಿಸುವ ಕಾಲೇಜುಗಳು ತಾವು ಸಲ್ಲಿಸಿದ ಮಾಹಿತಿಯನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತವೆ. ಎಲ್ಲೋ ಮೂಲೆಯಲ್ಲಿ ಇರುತ್ತದೆ, ಹುಡುಕಬೇಕು. ಅದರಲ್ಲಿ ನಾಲ್ಕು ವರ್ಷದ ಯುಜಿ (ಪದವಿ) ಕೋರ್ಸ್ ಅಂತ ಒಂದು ಪಟ್ಟಿ ಇದೆ. ಎಷ್ಟು ಜನ ಸೇರಿದರು, ಸಮಯಕ್ಕೆ ಸರಿಯಾಗಿ ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಎಷ್ಟು ಜನ ಮುಂದೆ ಓದಲು ಹೋದರು, ಮೀಡಿಯನ್ ಸಂಬಳ ಎಷ್ಟು ಅಂತ ಸಾಲಾಗಿ ಬರೆದಿರುತ್ತದೆ.

ಒಂದು ಉದಾಹರಣೆ ನೋಡಿ. ಸೇರಿದವರು 300. ಸಮಯಕ್ಕೆ ಪಾಸಾದವರು 230. ಕೆಲಸ ಸಿಕ್ಕವರು 140. ಮುಂದೆ ಓದಲು ಹೋದವರು 20. ಮೀಡಿಯನ್ 4.5 ಲಕ್ಷ. ಇದೇ ಕಾಲೇಜು ಪೋಸ್ಟರ್‌ನಲ್ಲಿ 90% ಅಂತ ಹೇಗೆ ಹಾಕಿಕೊಳ್ಳುತ್ತದೆ? ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ಸಬ್ಜೆಕ್ಟ್) ಇಲ್ಲದ, ಸಿಜಿಪಿಎ (ಒಟ್ಟು ಅಂಕಗಳ ಸರಾಸರಿ ಗ್ರೇಡ್) ಸರಿಯಿರುವ, ಪ್ಲೇಸ್‌ಮೆಂಟ್‌ಗೆ ಹೆಸರು ಕೊಟ್ಟ 155 ಜನರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. 155ರಲ್ಲಿ 140 ಅಂದರೆ 90%. ನಿಮ್ಮ ಮಗ ಸೇರುವಾಗ 300ರಲ್ಲಿ ಒಬ್ಬ, 155ರಲ್ಲಿ ಒಬ್ಬ ಅಲ್ಲ. ಓದಲು ಹೋದ 20 ಜನರನ್ನು ಬಿಟ್ಟರೆ 280ರಲ್ಲಿ 140. ಸರಿಯಾಗಿ ಅರ್ಧ.

ಮೀಡಿಯನ್ ಅಂದರೆ ನಡುವಿನ ಸಂಬಳ. ಕೆಲಸ ಸಿಕ್ಕ 140 ಜನರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವನದು. ಸರಾಸರಿಯನ್ನು ನಂಬಬೇಡಿ. 40 ಲಕ್ಷದವನೊಬ್ಬ ಇದ್ದರೆ ಸರಾಸರಿ ಮೇಲಕ್ಕೆ ಜಿಗಿಯುತ್ತದೆ, ಮೀಡಿಯನ್ ಜಾಗ ಬಿಟ್ಟು ಕದಲುವುದಿಲ್ಲ. ಒಂದು ಎಚ್ಚರಿಕೆ: ಈ ಪಟ್ಟಿಯಲ್ಲಿ ಸಿವಿಲ್, ಮೆಕ್ಯಾನಿಕಲ್ ಎಲ್ಲ ಬ್ರ್ಯಾಂಚೂ ಒಟ್ಟಿಗೆ ಇರುತ್ತದೆ. ಸಿಎಸ್‌ನವರದು ಸ್ವಲ್ಪ ಮೇಲೇ ಇರಬಹುದು. ಕಾಲೇಜಿಗೆ ಹೋದಾಗ "ಸಿಎಸ್ ಒಂದರದೇ ಮೀಡಿಯನ್ ಎಷ್ಟು? ಆಫರ್‌ಗಳ ಸಂಖ್ಯೆ ಬೇಡ, ವಿದ್ಯಾರ್ಥಿಗಳ ಸಂಖ್ಯೆ ಹೇಳಿ" ಅಂತ ಕೇಳಿ. ಒಬ್ಬನಿಗೆ ಮೂರು ಆಫರ್ ಬಂದರೆ ಅದನ್ನು ಮೂರು ಅಂತ ಎಣಿಸುವ ಕಡೆ ಜಾಸ್ತಿ.

ಇನ್ನೊಂದು ವಿಷಯ. ಒಂದು ಬ್ರ್ಯಾಂಚಿಗೆ ಇಷ್ಟೇ ಸೀಟು ಅನ್ನೋ ಮಿತಿಯನ್ನು ಇಂಜಿನಿಯರಿಂಗ್ ಕಾಲೇಜುಗಳಿಗೆ ಅನುಮತಿ ಕೊಡುವ ಕೇಂದ್ರದ ಮಂಡಳಿ ಎಐಸಿಟಿಇ 2024-25ರಿಂದ ಸಡಿಲಿಸಿತು. ಹೆಸರಿರುವ ಕಾಲೇಜುಗಳು ಸಿಎಸ್ ಸೆಕ್ಷನ್‌ಗಳನ್ನು ಹೆಚ್ಚಿಸಿಕೊಂಡವು. ಎಐ-ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯೂರಿಟಿ ಅಂತ ಬೇರೆ ಬೇರೆ ಬೋರ್ಡೂ ಬಂದವು. ಹಾಗಾಗಿ ನೀವು ನೋಡುತ್ತಿರುವ ಪ್ಲೇಸ್‌ಮೆಂಟ್ ಅಂಕಿ ಸಣ್ಣ ಬ್ಯಾಚ್‌ನದು. ನಿಮ್ಮ ಮಗ ಹೊರಬರುವ ಬ್ಯಾಚ್ ಅದಕ್ಕಿಂತ ದೊಡ್ಡದು. ಬರುವ ಕಂಪನಿಗಳೂ ಅಷ್ಟೇ ಹೆಚ್ಚುತ್ತವೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಹಂತ 4: ಸಿಟಿಸಿಯನ್ನು ಕೈಗೆ ಬರುವ ಸಂಬಳಕ್ಕೆ ಇಳಿಸಿ

ನಾನು ಪಾಸಾಗಿದ್ದು 2009ರಲ್ಲಿ. ಆಗ ದೊಡ್ಡ ಐಟಿ ಕಂಪನಿಗಳಲ್ಲಿ ಹೊಸಬರ ಸಂಬಳ ವರ್ಷಕ್ಕೆ 3 ಲಕ್ಷದ ಹತ್ತಿರ. ಈಗಲೂ ಒಟ್ಟಿಗೆ ಸಾವಿರಾರು ಜನರನ್ನು ತೆಗೆದುಕೊಳ್ಳುವ ಕೆಲಸಗಳಿಗೆ ಮೂರೂವರೆ ಲಕ್ಷದ ಸುತ್ತಮುತ್ತಲೇ. ನನ್ನ ಕಾಲದಲ್ಲಿ ಮಡಿವಾಳದ ಪಿಜಿಗೆ ತಿಂಗಳಿಗೆ 3,500 ಕೊಡುತ್ತಿದ್ದೆ. ಈಗ ಅದೇ ರಸ್ತೆಯಲ್ಲಿ ಎಷ್ಟು ಅಂತ ಕೇಳಿ ನೋಡಿ.

ಸಿಟಿಸಿ ಅಂದರೆ ಕಂಪನಿ ಒಬ್ಬನ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ಕೈಗೆ ಬರುವ ಸಂಬಳ ಅಲ್ಲ. 3.6 ಲಕ್ಷದ ಒಂದು ಆಫರ್ ಲೆಟರ್ ಬಿಚ್ಚೋಣ. 3,60,000ದಲ್ಲಿ ವೇರಿಯಬಲ್ ಪೇ ಅಂತ 36,000. ಕಂಪನಿಗೆ ಲಾಭ ಬಂದರೆ, ನಿಮ್ಮ ಮ್ಯಾನೇಜರ್ ಒಳ್ಳೆಯ ರೇಟಿಂಗ್ ಕೊಟ್ಟರೆ, ಆಗ ಸಿಗುವಂಥದ್ದು. ಅದನ್ನು ಪಕ್ಕಕ್ಕಿಡಿ. ಕಂಪನಿ ತನ್ನ ಪಾಲಿನದು ಅಂತ ಕಟ್ಟುವ ಪಿಎಫ್ 21,600, ಮುಂದೆ ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಗೆ 8,000, ಮೆಡಿಕಲ್ ಇನ್ಶೂರೆನ್ಸ್ 4,400, ಇವೂ ಸಿಟಿಸಿಯ ಒಳಗೇ ಕೂತಿರುತ್ತವೆ. ಉಳಿದದ್ದು 2,90,000, ತಿಂಗಳಿಗೆ 24,167. ಅದರಲ್ಲಿ ಹುಡುಗನ ಪಾಲಿನ ಪಿಎಫ್ 1,800 ಹೋಗಿ ಬ್ಯಾಂಕಿಗೆ ಬೀಳುವುದು ಸುಮಾರು 22,400.

ಇದರಲ್ಲಿ ಪಿಜಿಗೆ 9,000. ಬಸ್ಸು, ಮೆಟ್ರೋ, ಮಧ್ಯಾಹ್ನದ ಊಟ, ಫೋನು, ತಿಂಗಳಿಗೊಮ್ಮೆ ಊರಿಗೆ ಬರುವ ರೈಲು, ಎಲ್ಲ ಸೇರಿ 6,000. ಕೈಯಲ್ಲಿ ಉಳಿಯುವುದು 7,400. "ಇಷ್ಟೇನಾ?" ಅಂದಳು ಅಕ್ಕ. ಮೊದಲ ವರ್ಷ ಇಷ್ಟೇ.

ಇದಕ್ಕಿಂತ ಮೇಲಿನ ಕೆಲಸಗಳಿಲ್ಲ ಅಂತಲ್ಲ. ಅದೇ ಕಂಪನಿಗಳಲ್ಲಿ ಕೋಡಿಂಗ್ ಪರೀಕ್ಷೆ ಚೆನ್ನಾಗಿ ಬರೆದವರಿಗೆ 6-7 ಲಕ್ಷದ ಹುದ್ದೆಗಳಿವೆ, ತಮ್ಮದೇ ಸಾಫ್ಟ್‌ವೇರ್ ಮಾಡಿ ಮಾರುವ ಪ್ರಾಡಕ್ಟ್ ಕಂಪನಿಗಳಲ್ಲಿ ಅದಕ್ಕೂ ಜಾಸ್ತಿ. ಆದರೆ ಖರ್ಚಿನ ಲೆಕ್ಕಕ್ಕೆ ನಡುವಿನವನ ಸಂಬಳ ಹಿಡಿಯಿರಿ, ಮೇಲಿನವನದು ಬೇಡ. ಅಮೆರಿಕದ ಆಸೆಯನ್ನೂ ಈ ನೋಟ್‌ಬುಕ್ಕಿಗೆ ತರಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾದ ಹೊಸ ಅರ್ಜಿಗಳ ಮೇಲೆ ಅಲ್ಲಿನ ಸರ್ಕಾರ 1 ಲಕ್ಷ ಡಾಲರ್ ಶುಲ್ಕ ಹೇರಿದಾಗ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಎಷ್ಟು ಮುಖ ಬಾಡಿದವು ಅಂತ ನಾನು ನೋಡಿದ್ದೇನೆ.

ಹಂತ 5: ಸಾಲದ ಕಂತು ಬರೆಯಿರಿ

ಶಿಕ್ಷಣ ಸಾಲ 4 ಲಕ್ಷದವರೆಗೆ ಅಡಮಾನವೂ ಬೇಡ, ನಮ್ಮ ಕೈಯಿಂದ ಒಂದು ಪಾಲು (ಮಾರ್ಜಿನ್) ಹಾಕುವುದೂ ಬೇಡ. 7.5 ಲಕ್ಷದವರೆಗೂ ಸಾಮಾನ್ಯವಾಗಿ ಆಸ್ತಿ ಅಡ ಇಡಬೇಕಿಲ್ಲ. ಅದಕ್ಕೂ ಮೇಲೆ ಹೋದರೆ ಮನೆ ಪತ್ರವೋ ಜಮೀನಿನ ಪತ್ರವೋ ಕೇಳುತ್ತಾರೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಅನ್ನೋದು ಕೇಳಲು ಹಿತ. ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ.

ವರ್ಷಕ್ಕೆ 2 ಲಕ್ಷದಂತೆ ನಾಲ್ಕು ವರ್ಷ 8 ಲಕ್ಷ ತೆಗೆದಿರಿ, ಬಡ್ಡಿ 10% ಅಂತಿಟ್ಟುಕೊಳ್ಳಿ. ಮೊದಲ ವರ್ಷದ 2 ಲಕ್ಷಕ್ಕೆ ಐದು ವರ್ಷದ ಬಡ್ಡಿ 1 ಲಕ್ಷ. ಎರಡನೆಯದಕ್ಕೆ 80,000, ಮೂರನೆಯದಕ್ಕೆ 60,000, ನಾಲ್ಕನೆಯದಕ್ಕೆ 40,000. ಸರಳ ಬಡ್ಡಿಯಲ್ಲೇ 2.8 ಲಕ್ಷ. ಕಂತು ಶುರುವಾಗುವ ದಿನ ಸಾಲ 10.8 ಲಕ್ಷ ಆಗಿರುತ್ತದೆ. ಏಳು ವರ್ಷಕ್ಕೆ ತೀರಿಸಬೇಕೆಂದರೆ ತಿಂಗಳ ಕಂತು ಸುಮಾರು 17,900.

ಹಿಂದಿನ ಹಂತದಲ್ಲಿ ಕೈಯಲ್ಲಿ ಉಳಿದದ್ದು 7,400. ಈ ಎರಡು ಅಂಕಿಗಳನ್ನು ಒಂದರ ಪಕ್ಕ ಒಂದು ಬರೆದರೆ ಸಾಕು.

ಕಂತನ್ನು 15 ವರ್ಷಕ್ಕೆ ಎಳೆಯಬಹುದು, ಕಡಿಮೆಯಾಗುತ್ತದೆ, ಆದರೆ ಕಟ್ಟುವ ಬಡ್ಡಿ ಬೆಟ್ಟವಾಗುತ್ತದೆ. ಅದಕ್ಕಿಂತ ಓದುವಾಗಲೇ ತಿಂಗಳು ತಿಂಗಳು ಬಡ್ಡಿಯಷ್ಟನ್ನಾದರೂ ಕಟ್ಟಿ. ಹಾಗೆ ಕಟ್ಟಿದವರಿಗೆ ಕೆಲವು ಬ್ಯಾಂಕುಗಳು ಬಡ್ಡಿಯಲ್ಲಿ 1% ರಿಯಾಯಿತಿಯನ್ನೂ ಕೊಡುತ್ತವೆ. ಕಟ್ಟಿದ ಬಡ್ಡಿ ತೋರಿಸಿದರೆ ಟ್ಯಾಕ್ಸ್ ಉಳಿಯುತ್ತೆ ಅಂತ ಬ್ಯಾಂಕಿನವರು ಹೇಳುತ್ತಾರೆ. ಅದು ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 3.6 ಲಕ್ಷ ಸಂಬಳದವನಿಗೆ ಟ್ಯಾಕ್ಸೇ ಬರುವುದಿಲ್ಲವಲ್ಲ, ಉಳಿಸೋದು ಏನನ್ನ?

ಮ್ಯಾನೇಜ್‌ಮೆಂಟ್ ಸೀಟಿನವರಿಗೆ ಇನ್ನೂ ಒಂದು ತೊಡಕು. ರಸೀದಿ ಇಲ್ಲದ ದುಡ್ಡಿಗೆ ಬ್ಯಾಂಕ್ ಸಾಲ ಇಲ್ಲ. ಡೊನೇಷನ್ ತಗೊಳ್ಳುವುದಕ್ಕೆ ಕರ್ನಾಟಕದಲ್ಲಿ 1984ರಿಂದಲೇ ಕಾನೂನಿನ ನಿಷೇಧ ಇದೆ. ಏಜೆಂಟ್ "ಅರ್ಧ ಕ್ಯಾಶ್ ಕೊಡಿ ಸಾರ್" ಅಂದರೆ, ನಾಳೆ ಸೀಟು ಬೇಡ ಅನ್ನಿಸಿದಾಗ ಆ ಅರ್ಧವನ್ನು ಯಾರ ಹತ್ತಿರ ಕೇಳುತ್ತೀರಿ?

ಹಂತ 6: ವ್ಯತ್ಯಾಸದ ಎದುರು ಬಡ್ಡಿ ಇಟ್ಟು ನೋಡಿ

ಈಗ ಮೊದಲ ಹಂತದ ಬಿಸಿಎ ಹುಡುಗನನ್ನು ಮತ್ತೆ ಕರೆಯೋಣ. ಬಿಇ ಹುಡುಗನಿಗೆ ಕೈಗೆ ವರ್ಷಕ್ಕೆ 2.7 ಲಕ್ಷ, ಬಿಸಿಎಗೆ 1.9. ಮೊದಲ ವರ್ಷದ ವ್ಯತ್ಯಾಸ 80,000. ಎರಡನೇ ವರ್ಷ 1 ಲಕ್ಷ, ಮೂರನೇ ವರ್ಷ 1.5. ಆಮೇಲೆ ಕಂಪನಿ ಬದಲಾಯಿಸಿದ ಮೇಲೆ ವರ್ಷಕ್ಕೆ 2.5 ಲಕ್ಷ ಅಂತ ಹಿಡಿದೆವು. ಇದು ನನ್ನ ಅಂದಾಜು. ನಿಮಗೆ ಬೇರೆ ಅನ್ನಿಸಿದರೆ ಬೇರೆ ಹಾಕಿ.

ಸಿಇಟಿ ಸೀಟಿಗೆ 10.2 ಲಕ್ಷ. ಅದರಲ್ಲಿ ಬಿಸಿಎ ಖರ್ಚು 1.5 ಕಳೆಯಿರಿ, ಖೋತಾ ಆದ ಒಂದು ವರ್ಷದ ಸಂಬಳ 1.9 ಕೂಡಿಸಿ. 10.6 ಲಕ್ಷ. ಮೊದಲ ಮೂರು ವರ್ಷದಲ್ಲಿ 3.3 ವಾಪಸ್ ಬರುತ್ತದೆ, ಉಳಿದದ್ದು ಇನ್ನು ಮೂರು ವರ್ಷಕ್ಕೆ. ಕೆಲಸಕ್ಕೆ ಸೇರಿ ಆರು ವರ್ಷದಲ್ಲಿ ಹಾಕಿದ ದುಡ್ಡು ಹುಟ್ಟುತ್ತದೆ. ಸರ್ಕಾರಿ ಕಾಲೇಜಾದರೆ ನಾಲ್ಕೇ ವರ್ಷ. ಕಾಮೆಡ್‌ಕೆ ಎಂಟೂವರೆ ದಾಟುತ್ತದೆ. ಇವುಗಳಿಗೆ ಬಡ್ಡಿ ಹಾಕಿಲ್ಲ, ಹಾಕಿದರೆ ಇನ್ನೂ ಸ್ವಲ್ಪ ಮುಂದೆ ಹೋಗುತ್ತವೆ.

ಏಜೆಂಟ್ ಸೀಟಿಗೆ ಇದೇ ಲೆಕ್ಕ ಹಾಕಿದರೆ 30.2 ಲಕ್ಷ. ಅದಕ್ಕೆ 10%ರಂತೆ ಬಡ್ಡಿಯೇ ವರ್ಷಕ್ಕೆ 3 ಲಕ್ಷ. ವ್ಯತ್ಯಾಸ 2.5 ಲಕ್ಷ. ಅಸಲು ಹಾಗೇ ಕೂತಿರುತ್ತದೆ, ಡಿಗ್ರಿಯಿಂದ ಬಂದ ಹೆಚ್ಚುವರಿ ಸಂಬಳವೆಲ್ಲ ಬಡ್ಡಿಗೇ ಸಾಲುವುದಿಲ್ಲ.

"ನಾವು ಸಾಲ ಎಲ್ಲಿ ಮಾಡ್ತೀವಪ್ಪ, ಸೈಟು ಮಾರೋದು" ಅಂದರು ಭಾವ. ಸರಿ, ಸೈಟಿಗೆ 25 ಲಕ್ಷ ಬಂತು ಅಂತಿಟ್ಟುಕೊಳ್ಳೋಣ. ಅದನ್ನು 7%ಗೆ ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ 1.75 ಲಕ್ಷ, ತಿಂಗಳಿಗೆ 14,500ಕ್ಕೂ ಮೇಲೆ. ಹುಡುಗನಿಗೆ ಕೈಗೆ ಬರುವ ಮೊದಲ ಸಂಬಳದ ಮೂರರಲ್ಲಿ ಎರಡು ಪಾಲು, ಯಾರೂ ಕೆಲಸಕ್ಕೆ ಹೋಗದೆ. ಸ್ವಂತ ದುಡ್ಡಿಗೆ ಬಡ್ಡಿ ಇಲ್ಲ ಅಂದುಕೊಳ್ಳುವುದು ನಮ್ಮ ಕಡೆಯ ಹಳೇ ತಪ್ಪು ಲೆಕ್ಕ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ದುಬಾರಿ ಕಾಲೇಜಿನ ಮೀಡಿಯನ್ ನಿಜಕ್ಕೂ ಮೇಲಿರಬಹುದು. ಆಗ ಹೆಚ್ಚಿಗೆ ಕೊಡುವ ದುಡ್ಡಿಗೆ ಪ್ರತಿಯಾಗಿ ಆ ಎರಡು ಕಾಲೇಜುಗಳ ಮೀಡಿಯನ್ ವ್ಯತ್ಯಾಸವನ್ನು ಇಟ್ಟು ನೋಡಿ. ಅದೂ ಮೊದಲ ಮೂರು ನಾಲ್ಕು ವರ್ಷಕ್ಕೆ ಮಾತ್ರ ಹಿಡಿಯಿರಿ. ಅನುಭವ ಇರುವವರನ್ನು ಇಂಟರ್‌ವ್ಯೂ ಮಾಡುವಾಗ ಯಾವ ಕಾಲೇಜು ಅಂತ ನಾನು ನೋಡುವುದೇ ಇಲ್ಲ. ಹಿಂದಿನ ಕಂಪನಿಯಲ್ಲಿ ಏನು ಮಾಡಿದ ಅಂತ ಕೇಳುತ್ತೇನೆ.

ನನ್ನನ್ನು ಕೇಳಿದರೆ, ಒಳ್ಳೆಯ ಕಾಲೇಜಿನ ಇನ್ಫರ್ಮೇಷನ್ ಸೈನ್ಸ್ ಅಥವಾ ಎಲೆಕ್ಟ್ರಾನಿಕ್ಸ್ ಸೀಟು ಸಿಇಟಿಯಲ್ಲಿ ಸಿಕ್ಕರೆ, ದುಡ್ಡು ಕೊಟ್ಟು ಸಿಎಸ್ ತಗೊಳ್ಳುವುದಕ್ಕಿಂತ ಅದೇ ಮೇಲು. ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೆಚ್ಚಿನವು ಈ ಮೂರೂ ಬ್ರ್ಯಾಂಚನ್ನು ಒಟ್ಟಿಗೇ ಪರೀಕ್ಷೆಗೆ ಕೂರಿಸುತ್ತವೆ.

ಹಂತ 7: ಖರ್ಚು ಇಳಿಸುವ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿ

ಇದಕ್ಕೆ ಬುದ್ಧಿವಂತಿಕೆ ಬೇಡ, ನಾಡಕಚೇರಿಗೆ ಅಲೆಯುವ ತಾಳ್ಮೆ ಬೇಕು. ಆದಾಯ ಮತ್ತು ಜಾತಿ ಪ್ರಮಾಣಪತ್ರವನ್ನು ಆರ್‌ಡಿ ನಂಬರ್ (ಪತ್ರದ ಮೇಲಿರುವ ಕ್ರಮಸಂಖ್ಯೆ) ಸಮೇತ ಮೊದಲೇ ಮಾಡಿಸಿಟ್ಟುಕೊಳ್ಳಿ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ 15%, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ 5%. ಅಕ್ಕನ ಮಗ ಹತ್ತನೇ ಕ್ಲಾಸಿನವರೆಗೂ ಕನ್ನಡ ಮಾಧ್ಯಮ. ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಲಿಲ್ಲ ಅಂತ ಅಕ್ಕ ವರ್ಷಗಟ್ಟಲೆ ಕೊರಗುತ್ತಿದ್ದಳು. ಸಿಇಟಿ ನಡೆಸುವ ಕೆಇಎಯ ವೆಬ್‌ಸೈಟಿನಲ್ಲಿರುವ ಹಿಂದಿನ ವರ್ಷದ ಕಟಾಫ್ ಪಟ್ಟಿಯಲ್ಲಿ ಆ ಕೋಟಾದ ಕಾಲಮ್ಮಿಗೆ ಬೆರಳಿಟ್ಟು ತೋರಿಸಿದೆ. ಅದೇ ಕಾಲೇಜು, ಅದೇ ಬ್ರ್ಯಾಂಚು, ಜನರಲ್ ಕಾಲಮ್ಮಿಗಿಂತ ಎಷ್ಟೋ ಹಿಂದಿನ ರ‍್ಯಾಂಕಿಗೂ ಸೀಟು ಸಿಕ್ಕಿತ್ತು. ಅಕ್ಕ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಅಂತ ಇನ್ನೊಂದಿದೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದವರಿಗೆ 5% ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಮಾಫಿ. ಅರ್ಜಿ ತುಂಬುವಾಗ ಇದಕ್ಕೆ ಒಪ್ಪಿಗೆ ಹಾಕುವುದನ್ನು ಮರೆಯುವವರು ಬಹಳ. ಹಿಂದುಳಿದ ವರ್ಗದವರಿಗೆ ಮತ್ತು ಅಲ್ಪಸಂಖ್ಯಾತರಿಗೆ ಅವರವರ ನಿಗಮಗಳಿಂದ 2% ದರದಲ್ಲಿ 'ಅರಿವು' ಅನ್ನೋ ಶಿಕ್ಷಣ ಸಾಲ ಸಿಗುತ್ತದೆ. ಬ್ಯಾಂಕಿನ 10% ಎದುರು ಇದನ್ನಿಟ್ಟು ನೋಡಿ. ಸ್ಕಾಲರ್‌ಶಿಪ್ಪಿಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು. ಮೊದಲ ವರ್ಷ ಹಾಕಿ ಸುಮ್ನೆ ಕೂತವರಿಗೆ ಎರಡನೇ ವರ್ಷ ಬರುವುದಿಲ್ಲ.

ಡಿಪ್ಲೊಮಾ ಮಾಡಿದವರಿಗೆ ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಮೂಲಕ ಬಿಇಯ ಎರಡನೇ ವರ್ಷಕ್ಕೇ ಪ್ರವೇಶ. ಒಂದು ವರ್ಷದ ಶುಲ್ಕ, ಒಂದು ವರ್ಷದ ಪಿಜಿ ಬಾಡಿಗೆ ಉಳಿಯಿತು.

ಸಿಇಟಿ ಸೀಟುಗಳ ಅಣಕು ಹಂಚಿಕೆಯ (ಮಾಕ್ ಅಲಾಟ್‌ಮೆಂಟ್) ಫಲಿತಾಂಶ ಬಂದಾಗ ಗಾಬರಿಯಾಗಿ ಏಜೆಂಟ್‌ಗೆ ಫೋನ್ ಮಾಡಬೇಡಿ. ಅದು ಬರೀ ರಿಹರ್ಸಲ್, ಆಮೇಲೂ ಆಪ್ಷನ್ ಬದಲಾಯಿಸಬಹುದು. ಮೊದಲ ಸುತ್ತಿನಲ್ಲಿ ಸಿಕ್ಕಿದ್ದು ಪರವಾಗಿಲ್ಲ, ಇನ್ನೂ ಒಳ್ಳೆಯದು ಬೇಕು ಅನ್ನಿಸಿದರೆ 'ಚಾಯ್ಸ್ 2' ಅನ್ನೋ ಆಯ್ಕೆ ಇದೆ: ಈ ಸೀಟು ಕೈಯಲ್ಲಿರುತ್ತದೆ, ಮುಂದಿನ ಸುತ್ತಿಗೂ ಹೋಗುತ್ತೀರಿ. ಏಜೆಂಟರು ದುಡ್ಡು ಮಾಡುವುದು ಮೊದಲ ಸುತ್ತಿಗೂ ಎರಡನೇ ಸುತ್ತಿಗೂ ನಡುವಿನ ಗಾಬರಿಯಲ್ಲೇ. ಮತ್ತೆ, ಯಾವ ಕಾಲೇಜೂ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಹಿಡಿದಿಟ್ಟುಕೊಳ್ಳುವಂತಿಲ್ಲ, ಎಐಸಿಟಿಇ ನಿಯಮ ಇದೆ. ತೋರಿಸಿ, ವಾಪಸ್ ತನ್ನಿ.

ಹಂತ 8: ಲೆಕ್ಕ ಕೈಕೊಡುವ ಜಾಗಗಳು

ನನ್ನ ಬ್ಯಾಚಿನಲ್ಲಿ ಆಫರ್ ಲೆಟರ್ ಕೈಯಲ್ಲಿ ಹಿಡಿದು ನಾನು ಒಂಬತ್ತು ತಿಂಗಳು ಮನೆಯಲ್ಲಿ ಕೂತಿದ್ದೆ. ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿದ್ದಕ್ಕೆ ನಮ್ಮೂರಿನಲ್ಲಿ ಅಪ್ಪನಿಗೆ ಸೊಸೈಟಿಯವರು ಸಾಲದ ನೋಟೀಸ್ ಕಳಿಸಿದರು. 2022ರಲ್ಲಿ ಪಾಸಾದವರೂ ತಿಂಗಳುಗಟ್ಟಲೆ ಹೀಗೇ ಕಾದರು. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಕೆಲಸ ಸಿಗದ ಒಂದು ವರ್ಷಕ್ಕೂ ಜಾಗ ಬಿಡಿ. ಆ ವರ್ಷ ಕಂತು ಯಾರು ಕಟ್ಟುತ್ತಾರೆ ಅಂತ ಹೆಸರು ಬರೆಯಿರಿ.

ಇನ್ನೊಂದು, ಬ್ಯಾಕ್‌ಲಾಗ್. ಸಬ್ಜೆಕ್ಟ್ ಉಳಿಸಿಕೊಂಡವರನ್ನು ಕ್ಯಾಂಪಸ್‌ಗೆ ಬರುವ ಕಂಪನಿಗಳು ಪರೀಕ್ಷೆಗೇ ಕೂರಿಸುವುದಿಲ್ಲ. ಸಿಎಸ್ ಇಷ್ಟವಿಲ್ಲದೆ, ಅಪ್ಪ ಹೇಳಿದರು ಅಂತ ಬಂದವರೇ ಇಲ್ಲಿ ಜಾಸ್ತಿ ಸಿಕ್ಕಿಬೀಳುತ್ತಾರೆ. ಈಗ ಸಣ್ಣಪುಟ್ಟ ಕೋಡನ್ನು ಎಐ ಬರೆದುಕೊಡುತ್ತಿದೆ. ಹೊಸಬರಿಗೆ ಅಂತ ನಾವು ಎತ್ತಿಡುತ್ತಿದ್ದ ಕೆಲಸಗಳು ನಮ್ಮ ಟೀಮಿನಲ್ಲೇ ಕಡಿಮೆಯಾಗಿವೆ. ಇಷ್ಟಪಟ್ಟು ಕಲಿಯುವವನಿಗೆ ದಾರಿ ಇದ್ದೇ ಇದೆ. ತಳ್ಳಿಸಿಕೊಂಡು ಬಂದವನಿಗೆ ಕಷ್ಟ.

ಇಷ್ಟ ಇದೆಯೋ ಇಲ್ಲವೋ ಅಂತ ಲಕ್ಷಗಟ್ಟಲೆ ಕಟ್ಟಿ ನೋಡಬೇಕಿಲ್ಲ. ಸಿಇಟಿ ಮುಗಿದ ಮೇಲೆ ಕೌನ್ಸೆಲಿಂಗ್‌ವರೆಗೆ ವಾರಗಟ್ಟಲೆ ರಜೆ ಇರುತ್ತದಲ್ಲ, ಅಷ್ಟು ಸಾಕು. ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಪಾಠಗಳು ಪುಕ್ಕಟೆ ಇವೆ. ಮೊಬೈಲಿನಲ್ಲೇ ಬರೆದು ಓಡಿಸಬಹುದು. ಕರೆಂಟ್ ಬಿಲ್ ಲೆಕ್ಕ, ಹಾಲಿನ ಲೆಕ್ಕ, ಇಂಥ ಹತ್ತು ಸಣ್ಣ ಪ್ರೋಗ್ರಾಂ ಬರೆಯಲು ಹೇಳಿ. ತಪ್ಪು ಬಂದಾಗ ಸಿಟ್ಟಾಗಿ ಫೋನ್ ಬಿಸಾಕುತ್ತಾನೋ, ಊಟಕ್ಕೆ ಕರೆದರೂ ಏಳದೆ ತಪ್ಪು ಹುಡುಕುತ್ತಾನೋ ನೋಡಿ.

ನಾನು ಬೆಂಗಳೂರಿಗೆ ವಾಪಸಾಗಿ ಎರಡು ವಾರಕ್ಕೆ ಅಕ್ಕನ ಮಗ ಫೋನ್ ಮಾಡಿದ. "ಮಾಮ, ನೀನು ಹಾಕಿದ್ಯಲ್ಲ ಸಾಲದ ಲೆಕ್ಕ, ಅದನ್ನ ಪೈಥಾನಲ್ಲಿ ಬರ್ದೆ. 17,929 ಬಂತು. ನೀನು 17,900 ಅಂದಿದ್ದೆ."

"ನಾನು ಸುಮಾರು ಅಂದಿದ್ದೆ ಕಣೋ."

ಹಿಂದಿನಿಂದ ಭಾವನ ದನಿ ಕೇಳಿಸಿತು. "ರೂಪಾಯಿ ಬಿಡು, ಅದು ತಿಂಗಳಿಗೆ ಎಷ್ಟು ಕೊಬ್ಬರಿ ಆಗುತ್ತೆ ಅಂತ ತೋರ್ಸುತ್ತಾ ಕೇಳು."

"ಅದಕ್ಕೆ ಇವತ್ತಿನ ರೇಟ್ ಬೇಕು" ಅಂದ ಹುಡುಗ. "ತಡಿ ಮಾಮ, ಅಪ್ಪನ್ನ ಕೇಳಿ ಒಂದು ಲೈನ್ ಸೇರಿಸ್ತೀನಿ."